ರಾಜಕೀಕರಣ: ಬೈಗುಳವಾಗಿಬಿಟ್ಟ ಪದ

ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿನ ರೇಟು ಏರಿತು ಅಂದರೆ ಸಾಕು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ‘ನಮಗೆ ಕಾವೇರಿ ನೀರು ಯಾಕಿಲ್ಲ?’ ಅಂತ ಕೇಳುತ್ತಾರೆ. ತಕ್ಷಣ ಇನ್ನೊಬ್ಬರ ಉತ್ತರ: ‘ನೀರನ್ನು ರಾಜಕೀಕರಣ ಮಾಡಬೇಡಿ ಸಾರ್.’ ಕೇಳಿದವರು ಯಾವ ಪಕ್ಷದ ಹೆಸರನ್ನೂ ಎತ್ತಿರುವುದಿಲ್ಲ. ಈ ಪದವನ್ನು ಹೀಗೆ ಬಾಯಿ ಮುಚ್ಚಿಸಲು ಬಳಸುವುದನ್ನು ನೋಡಿ ನೋಡಿ ಸಾಕಾಗಿದೆ.

ಸ್ವಕೀಯ ಅಂದರೆ ತನಗೆ ಸೇರಿದ್ದು, ಪರಕೀಯ ಅಂದರೆ ಬೇರೆಯವರಿಗೆ ಸೇರಿದ್ದು. ರಾಜಕೀಯವೂ ಅದೇ ಜಾತಿಯ ಪದ, ರಾಜನಿಗೆ ಸೇರಿದ್ದು. ಈಗ ರಾಜ ಇಲ್ಲ, ಅವನ ಜಾಗದಲ್ಲಿ ನಾವಿದ್ದೇವೆ. ಹಾಗಾಗಿ ನಾವೆಲ್ಲ ಸೇರಿ ತೀರ್ಮಾನಿಸಬೇಕಾದ್ದೆಲ್ಲ ರಾಜಕೀಯವೇ. ತನ್ನ ಪಾಡಿಗೆ ನಡೆಯುತ್ತಿದೆ ಅಂದುಕೊಂಡಿದ್ದ ಸಂಗತಿಯ ಬಗ್ಗೆ ‘ಇದನ್ನು ತೀರ್ಮಾನಿಸಿದ್ದು ಯಾರು?’ ಅಂತ ಜನ ಕೇಳತೊಡಗಿದರೆ ಅದು ರಾಜಕೀಕರಣ. ಅದೇ ಸಂಗತಿಯನ್ನು ಪಕ್ಷವೊಂದು ವೋಟಿಗಾಗಿ ಎಳೆದಾಡಿದರೆ ಅದು ಪಕ್ಷ ರಾಜಕಾರಣ. ಎರಡನ್ನೂ ಕಲಸುಮೇಲೋಗರ ಮಾಡಿದರೆ ಪ್ರಶ್ನೆ ಕೇಳಿದವರೇ ತಪ್ಪಿತಸ್ಥರಾಗುತ್ತಾರೆ.

ನೀರನ್ನೇ ನೋಡಿ. ನಗರದ ಸುತ್ತಲಿನ 110 ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಅವುಗಳಿಗಾಗಿಯೇ ಮಾಡಿದ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಪೈಪು ಮೊದಲು ಯಾವ ಕಡೆ ಹೋಗಬೇಕು ಅನ್ನುವುದನ್ನು ಮಳೆ ತೀರ್ಮಾನಿಸಲಿಲ್ಲ, ಅಲ್ವಾ? ಅದೇ ವರ್ಷದ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ. ಜನ ಗಲಾಟೆ ಮಾಡದೆ ಸುಮ್ನೆ ಕೂತಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಮೊಸರಿನ ಪ್ಯಾಕೆಟ್ಟಿಗೂ ಇದೇ ಮಾತು. 2023ರ ಮಾರ್ಚಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಂದಿನಿ ಪ್ಯಾಕೆಟ್ಟಿನ ಮೇಲೆ ‘ದಹಿ’ ಅಂತ ಮುಂದೆ ಹಾಕಿ, ‘ಮೊಸರು’ ಪದವನ್ನು ಕಂಸದೊಳಗೆ ಇಡಿ ಅಂದಿತು. ಕರ್ನಾಟಕ, ತಮಿಳುನಾಡು ಎರಡೂ ಕಡೆ ಸಿಟ್ಟೆದ್ದಿತು. ತಿಂಗಳು ಮುಗಿಯುವುದರೊಳಗೆ ಪ್ರಾಧಿಕಾರ ಆದೇಶ ಬದಲಿಸಿತು. ‘ಮೊಸರಲ್ಲೂ ರಾಜಕೀಯನಾ?’ ಅಂತ ಆಗ ಮೂಗು ಮುರಿದವರಿದ್ದರು. ಮೊಸರಿಗೆ ರಾಜಕೀಯ ತಂದದ್ದು ಆ ಆದೇಶ. ಜನ ಅದನ್ನು ಕಂಡುಹಿಡಿದರು, ಅಷ್ಟೇ.

ರಾಜಕೀಯ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯನ್ನು ನೋಡಲಿ. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿಯಿತು. ಅದಕ್ಕೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. 2025ರಲ್ಲಿ ಅದನ್ನು ಐದು ಪಾಲಿಕೆ ಮಾಡಿದರು. ಅಷ್ಟೂ ವರ್ಷ ಟೆಂಡರ್, ತೆರಿಗೆ, ರಸ್ತೆ ಅಗೆತ ಯಾವುದೂ ನಿಂತಿರಲಿಲ್ಲ. ಚರಂಡಿ ಉಕ್ಕಿದಾಗ ಹೋಗಿ ಜಗಳ ಆಡಲು ವಾರ್ಡಿಗೊಬ್ಬ ಕಾರ್ಪೊರೇಟರ್ ಮಾತ್ರ ಇರಲಿಲ್ಲ.