ಎಣ್ಣೆ ಇಳಿದ ಮೇಲೆ ತಲೆ ಯಾಕೆ ಸಿಡಿಯುತ್ತದೆ?

ರಾತ್ರಿ ಹತ್ತಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವರ ಲೆಕ್ಕ ಹಾಕೋಣ. 180 ಮಿಲಿ ವಿಸ್ಕಿ. ಬಾಟಲಿಯ ಮೇಲೆ ಬರೆದಿರುವಂತೆ ಶೇ 42.8 ಆಲ್ಕೋಹಾಲ್. ಅಂದರೆ ಸುಮಾರು 60 ಗ್ರಾಂ. ನಮ್ಮ ಲಿವರ್ ಗಂಟೆಗೆ ಹೆಚ್ಚುಕಡಿಮೆ ಏಳೆಂಟು ಗ್ರಾಂ ಕರಗಿಸುತ್ತದೆ. ಕಾಫಿ, ಮಜ್ಜಿಗೆ, ನಿಂಬೆರಸ ಯಾವುದು ಕುಡಿಸಿದರೂ ಅದು ಅವಸರ ಮಾಡುವುದಿಲ್ಲ. ಹಾಗಾಗಿ ರಕ್ತದಿಂದ ಎಣ್ಣೆ ಪೂರ್ತಿ ಇಳಿಯುವಾಗ ಬೆಳಗಿನ ಆರು ಗಂಟೆ. ತಲೆ ಸಿಡಿಯುವುದೂ ಆ ಹೊತ್ತಿಗೇ! ವಿಚಿತ್ರ ಅಲ್ವಾ?

ಎಲ್ಲರೂ ದೂರುವುದು ನೀರಿನ ಕೊರತೆಯನ್ನು. ಅದು ಸುಳ್ಳಲ್ಲ. ಮೈಯಲ್ಲಿ ನೀರು ಉಳಿಸುವ ವಾಸೊಪ್ರೆಸಿನ್ ಹಾರ್ಮೋನನ್ನು ಆಲ್ಕೋಹಾಲ್ ತಡೆಯುತ್ತದೆ. ಅದಕ್ಕೇ ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ. ಆದರೆ ಬೆಳಿಗ್ಗೆ ಎರಡು ಚೊಂಬು ನೀರು ಕುಡಿದರೆ ಬಾಯಾರಿಕೆ ಹೋಗುತ್ತದೆ, ತಲೆನೋವು ಸುಮ್ನೆ ಕೂತೇ ಇರುತ್ತದೆ.

ಮಿದುಳಿನಲ್ಲಿ ನಡೆಯುವುದು ಹಗ್ಗಜಗ್ಗಾಟ. ಆಲ್ಕೋಹಾಲ್ ಅದನ್ನು ಮಂಕು ಮಾಡಲು ಎಳೆಯುತ್ತದೆ, ಮಿದುಳು ಎಚ್ಚರದ ಕಡೆಗೆ ಜಗ್ಗುತ್ತದೆ. ಬೆಳಗಿನ ಜಾವ ಆಲ್ಕೋಹಾಲ್ ಹಗ್ಗ ಸಡಿಲಿಸಿತೆನ್ನಿ, ಮಿದುಳು ಜಗ್ಗಿದ ರಭಸಕ್ಕೆ ತಾನೇ ಬೀಳುತ್ತದೆ. ನಾಲ್ಕಕ್ಕೇ ಎಚ್ಚರ, ಎದೆ ಡವಡವ, ಕುಕ್ಕರ್ ಸೀಟಿ ಕೂಡ ಬಾಂಬಿನ ಹಾಗೆ. ಜೊತೆಗೆ ರೋಗನಿರೋಧಕ ವ್ಯವಸ್ಥೆಯೂ ಕೆರಳಿರುತ್ತದೆ. ಜ್ವರ ಬಂದಂಥ ಮೈಕೈ ನೋವಿಗೆ ಅದೂ ಒಂದು ಕಾರಣ.

'ಬೆಳಿಗ್ಗೆ ಒಂದು ನೈಂಟಿ ಹಾಕು, ಸರಿಹೋಗುತ್ತೆ' ಎನ್ನುವವರು ಇದ್ದಾರಲ್ಲ, ಅವರ ಮಾತು ಪೂರ್ತಿ ಪೊಳ್ಳಲ್ಲ. ವಿಸ್ಕಿ, ಬ್ರಾಂದಿಗಳಲ್ಲಿ ಆಲ್ಕೋಹಾಲಿನ ಜೊತೆ ಅದರ ವಿಷಕಾರಿ ಸೋದರ ಮೆಥನಾಲ್ ಕೂಡ ಚೂರು ಇರುತ್ತದೆ. ಎರಡನ್ನೂ ಒಡೆಯುವುದು ಲಿವರಿನ ಒಂದೇ ಕಿಣ್ವ. ಮೊದಲ ಪಾಳಿ ಆಲ್ಕೋಹಾಲಿನದು, ಮೆಥನಾಲ್ ಕ್ಯೂನಲ್ಲಿ ಕಾಯುತ್ತದೆ. ಅದರ ಸರದಿ ಬಂದಾಗ ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಎಂಬ ವಿಷಗಳು ಹುಟ್ಟುತ್ತವೆ. ಹ್ಯಾಂಗೋವರಿನಲ್ಲಿ ಇದರ ಕೈವಾಡವೂ ಇದೆ ಎಂಬ ಗುಮಾನಿ ವಿಜ್ಞಾನಿಗಳಿಗಿದೆ. ಬೆಳಗಿನ ನೈಂಟಿ ಮೆಥನಾಲನ್ನು ಮತ್ತೆ ಕ್ಯೂನ ಹಿಂದಕ್ಕೆ ತಳ್ಳುತ್ತದೆ.

1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದ 300ಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ ಮೆಥನಾಲ್. ಅಂಥ ರೋಗಿಗಳಿಗೆ ಆಸ್ಪತ್ರೆಯಲ್ಲಿ ಶುದ್ಧ ಆಲ್ಕೋಹಾಲನ್ನೇ ಮದ್ದಾಗಿ ಕೊಡುವುದುಂಟು. ಆದರೆ ಅಲ್ಲಿ ಮೆಥನಾಲ್ ಕ್ಯೂನಲ್ಲಿ ನಿಂತಿರುವಾಗಲೇ ಡಯಾಲಿಸಿಸ್ ಮಾಡಿ ಅದನ್ನು ಹೊರಹಾಕುತ್ತಾರೆ. ಬೆಳಗಿನ ನೈಂಟಿಗೆ ಈ ಎರಡನೇ ಭಾಗ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕ್ಯೂ ಮತ್ತೆ ಮುಂದೆ ಸರಿಯುತ್ತದೆ.