16 ಪಿನ್ ಸಾಕೆಟ್ ಇದ್ದರೂ ಸ್ಕ್ಯಾನರ್ ಏಕೆ ಹೊಂದುವುದಿಲ್ಲ?

ಪ್ರಶ್ನೆ: ಟೆಂಪೋ ಟ್ರಾವೆಲರ್ ಚಾಸಿಯ ಮೇಲೆ ಕಟ್ಟಿಸಿದ ಹಳೆಯ ಮೋಟಾರ್‌ಹೋಮ್ ಕೊಂಡಿದ್ದೇನೆ. ಸ್ಟೀರಿಂಗ್ ಕೆಳಗೆ 16 ಪಿನ್ ಸಾಕೆಟ್ ಇದೆ. ಎಂಜಿನ್ನಿನ ದೋಷ ಓದುವ ಸ್ಕ್ಯಾನರ್ ಸಿಕ್ಕಿಸಿದರೆ ಅದರ ದೀಪ ಉರಿಯುತ್ತದೆ, ಎಂಜಿನ್ ಸಂಪರ್ಕ ಮಾತ್ರ ಸಿಗುವುದಿಲ್ಲ. ಬೇರೆ ಸ್ಕ್ಯಾನರ್ ಕೊಳ್ಳಬೇಕೇ? (ಕಾಪುವಿನ ಓದುಗರು)

ಉತ್ತರ: ಕೊಳ್ಳಬೇಡಿ, ಸ್ವಲ್ಪ ತಾಳಿ. ಮಳೆಗಾಲ ಶುರುವಾದ ಮೇಲೆ ಇದೇ ಪ್ರಶ್ನೆ ನನಗೆ ಬರುತ್ತಿರುವುದು ನಾಲ್ಕನೇ ಸಲ. ನಾಲ್ವರ ಕೈಯಲ್ಲೂ ಹೊಸ ಸ್ಕ್ಯಾನರ್, ನಾಲ್ವರಿಗೂ ಒಂದೇ ನಂಬಿಕೆ: ಸಾಕೆಟ್ 16 ಪಿನ್ನಿನದಾದರೆ ಯಾವ ಸ್ಕ್ಯಾನರ್ ಆದರೂ ನಡೆಯುತ್ತದೆ!

ನಡೆಯುವುದಿಲ್ಲ. ಆ ಸಾಕೆಟ್ ಬರಿಯ ಆಕಾರ. ಅದರ 16ನೇ ಪಿನ್‌ನಲ್ಲಿ ಬ್ಯಾಟರಿಯ ವಿದ್ಯುತ್ ಬರುತ್ತದೆ, 4 ಮತ್ತು 5 ಅರ್ಥಿಂಗ್. ಸ್ಕ್ಯಾನರ್‌ನ ದೀಪ ಉರಿಯಲು ಇಷ್ಟು ಸಾಕು. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯುಗೆ, ಅದರಲ್ಲಿ ಪಾತ್ರವೇ ಇಲ್ಲ. ಇಸಿಯು ಮಾತನಾಡುವುದು ಬೇರೆ ಪಿನ್‌ಗಳಲ್ಲಿ. ಹೊಸ ಗಾಡಿಗಳದ್ದು 6 ಮತ್ತು 14ರಲ್ಲಿ ಹರಿಯುವ ಕ್ಯಾನ್ ಭಾಷೆ. ಹಳೆಯ ಅನೇಕ ಗಾಡಿಗಳದ್ದು 7ನೇ ಪಿನ್ನಿನ ಕೆ-ಲೈನ್. ನಮ್ಮ ಮೀನು ಮಾರುಕಟ್ಟೆಯಲ್ಲಿ ಒಂದೇ ಕಟ್ಟೆಯ ಮೇಲೆ ತುಳು, ಕೊಂಕಣಿ, ಬ್ಯಾರಿ ಮೂರೂ ಕೇಳಿಸುತ್ತವೆ. ಕಟ್ಟೆ ಒಂದೇ ಎಂದು ಮಾತು ಒಂದೇ ಆದೀತೇ? ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳಲ್ಲಿ ಎಷ್ಟೋ ನಕಲು ಚಿಪ್‌ನವು. ಅವಕ್ಕೆ ಹಳೆಯ ಭಾಷೆಗಳು ಸರಿಯಾಗಿ ಬರುವುದೇ ಇಲ್ಲ.

ಈ ನಂಬಿಕೆ ಹುಟ್ಟಿದ್ದು ಡಬ್ಬಿಯ ಮೇಲಿನ ಬರಹದಿಂದ. ‘1996ರ ನಂತರದ ಎಲ್ಲ ವಾಹನಗಳಿಗೆ’ ಎಂದು ಅಚ್ಚು ಹಾಕಿರುತ್ತಾರೆ. ಅದು ಅಮೆರಿಕದ ಕಾರುಗಳ ನಿಯಮ. ನಮ್ಮಲ್ಲಿ ಅಂಥ ನಿಯಮ ಬಂದದ್ದು ಬಿಎಸ್-4 ಎಂಬ ಹೊಗೆ ಮಿತಿಯ ಹಂತದೊಂದಿಗೆ. ಆ ಹಂತ ಶುರುವಾದದ್ದು 2010ರ ಏಪ್ರಿಲ್‌ನಲ್ಲಿ, ಅದೂ ಆಯ್ದ ನಗರಗಳಿಗೆ. ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಮಾರಾಟವಾದ ಬಿಎಸ್-3 ಗಾಡಿಯಲ್ಲಿ ಸಾಕೆಟ್ ಇದ್ದರೂ ಅದು ಕಂಪನಿಯ ಸ್ವಂತ ಭಾಷೆಯನ್ನೇ ಆಡಬಹುದು. ಇನ್ನೂ ಹಳೆಯದಾಗಿ, ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕವಾಗಿದ್ದರೆ ಓದಲು ಇಸಿಯುವೇ ಇರುವುದಿಲ್ಲ.

ಆದ್ದರಿಂದ ಮೊದಲು ಆರ್‌ಸಿ ತೆರೆದು ತಯಾರಿಕೆಯ ತಿಂಗಳು, ವರ್ಷ ಮತ್ತು ಬಿಎಸ್ ಹಂತ ನೋಡಿ. ಒಳಗೆ ಮಂಚ, ಅಡುಗೆಕಟ್ಟೆ ಕಟ್ಟಿಸಿದ ವರ್ಷಕ್ಕೆ ಇಲ್ಲಿ ಬೆಲೆಯಿಲ್ಲ. ಸ್ಕ್ಯಾನರ್‌ಗೆ ಬೇಕಾದದ್ದು ಚಾಸಿ ಮತ್ತು ಎಂಜಿನ್ ಮಾತ್ರ. ಆಮೇಲೆ ಟಾರ್ಚ್ ಹಿಡಿದು ಸಾಕೆಟ್ಟಿನಲ್ಲಿ ಯಾವ ಯಾವ ತೂತಿನಲ್ಲಿ ಲೋಹ ಇದೆ ಎಂದು ಎಣಿಸಿ. 6 ಮತ್ತು 14 ಖಾಲಿ, 7ರಲ್ಲಿ ಲೋಹ ಇದೆ ಎಂದರೆ ಕೆ-ಲೈನ್ ಬಲ್ಲ, ನಿಮ್ಮ ಮಾದರಿಯ ಹೆಸರು ಪಟ್ಟಿಯಲ್ಲಿರುವ ಸ್ಕ್ಯಾನರ್ ಹುಡುಕಿ. 6 ಮತ್ತು 14 ಇದ್ದರೆ ಕೀ ತೆಗೆದು, ಬ್ಯಾಟರಿ ಬಿಡಿಸಿ, ಅವೆರಡರ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 60 ಓಮ್ ತೋರಿಸಿದರೆ ಕ್ಯಾನ್ ತಂತಿಗಳು ಸರಿಯಾಗಿವೆ. ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಮೋಟಾರ್‌ಹೋಮ್ ಆದರೆ 16ನೇ ಪಿನ್‌ನಲ್ಲಿ 24 ವೋಲ್ಟ್ ಇರಬಹುದು. 12 ವೋಲ್ಟಿನ ಸ್ಕ್ಯಾನರ್ ಸುಟ್ಟೀತು. ಮೊದಲು ಅಳೆಯಿರಿ.

ಇನ್ನೊಂದು ಮಾತನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಲೇಬೇಕು. ಸ್ಕ್ಯಾನರ್ ಒಂದು ಸೆನ್ಸರ್‌ನ ಕೋಡ್ (ದೋಷ ಸೂಚಿಸುವ ಸಂಖ್ಯೆ) ತೋರಿಸಿದೊಡನೆ ಆ ಸೆನ್ಸರ್ ಕೊಳ್ಳಲು ಓಡಬೇಡಿ. ಮಲ್ಪೆಯ ಬಳಿ ತಿಂಗಳುಗಟ್ಟಲೆ ನಿಂತಿದ್ದ ಒಂದು ಗಾಡಿಯಲ್ಲಿ ಒಟ್ಟಿಗೆ ಮೂರು ಸೆನ್ಸರ್ ಕೋಡ್‌ಗಳು, ಜೊತೆಗೆ ವೋಲ್ಟೇಜ್ ಕಡಿಮೆ ಎನ್ನುವ ಪಿ0562 ಬಂದಿದ್ದವು. ಮಾಲೀಕರು ಎರಡು ಸೆನ್ಸರ್ ಬದಲಾಯಿಸಿಯೂ ಆಗಿತ್ತು. ನಾನು ಚಾಸಿಯ ಅರ್ಥಿಂಗ್ ಪಟ್ಟಿ ಬಿಚ್ಚಿದೆ. ಉಪ್ಪುಗಾಳಿಗೆ ಹಸಿರು ಹಿಡಿದು ಕೊರೆದು ಹೋಗಿತ್ತು. ಹೊಸ ಪಟ್ಟಿ ಹಾಕಿ, ಬುಡವನ್ನು ಉಜ್ಜಿ, ಬಿಗಿದ ಮೇಲೆ ವ್ಯಾಸಲಿನ್ ಹಚ್ಚಿ ಕೋಡ್ ಅಳಿಸಿದೆವು. ಅವರು ಆಗುಂಬೆ ಘಾಟಿ ಹತ್ತಿ ಇಳಿದು ಬಂದರು. ಒಂದು ಕೋಡೂ ಮರಳಿ ಬಂದಿರಲಿಲ್ಲ.