ಬೆರಳಲ್ಲಿ 98, ಗಡ್ಡೆಯಲ್ಲಿ ಬರಗಾಲ

ಹೋದ ತಿಂಗಳು ಮದ್ದೂರು ಕಡೆಯ ಹುಡುಗನೊಬ್ಬ ಅವ್ವನನ್ನು ಕರೆದುಕೊಂಡು ಮೈಸೂರಿಗೆ, ನನ್ನ ಹತ್ತಿರ ಬಂದ. ಗರ್ಭಕಂಠದ ಕ್ಯಾನ್ಸರ್. ರೇಡಿಯೇಷನ್ ಶುರುವಾಗಿ ಎರಡು ವಾರ ಆಗಿತ್ತು, ಆದರೆ ನಡುವೆ ನಾಲ್ಕು ದಿನ ಬಂದೇ ಇರಲಿಲ್ಲ. ಯಾಕಪ್ಪಾ ಅಂದೆ. "ಆಕ್ಸಿಜನ್ ಮಷೀನ್ ಬಾಡಿಗೆಗೆ ತಂದು ಮನೇಲೇ ಹಾಕಿದ್ದೆ ಸಾರ್. ಕ್ಯಾನ್ಸರ್‌ಗೆ ಆಕ್ಸಿಜನ್ ಕಂಡ್ರೆ ಆಗಲ್ವಂತೆ. ನೋಡಿ, ಅವ್ವಂಗೆ 98 ಬತ್ತದೆ" ಅಂತ ಬೆರಳಿಗೆ ಸಿಕ್ಕಿಸುವ ಕ್ಲಿಪ್ ತೋರಿಸಿದ. ನನ್ನ ಬೆರಳಿಗೆ ಹಾಕಿ ನೋಡಿದೆ. ನನಗೂ 98. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಮಾತ್ರ ಅವ್ವನಿಗೆ ತೀರಾ ಕಮ್ಮಿ, 7.8 ಇತ್ತು. ಅದನ್ನು ಯಾರೂ ನೋಡಿರಲಿಲ್ಲ.

ಅವನ ಮೇಲೆ ಸಿಟ್ಟಿಲ್ಲ. ಅವ್ವನಿಗಾಗಿ ಸಾಲ ಮಾಡಿ ಓಡಾಡುವ ಹುಡುಗ. ಇಂಥವರಿಗೆ ಇದನ್ನೆಲ್ಲ ಹೇಳಿಕೊಡುತ್ತಾರಲ್ಲ, ಅವರ ಮೇಲೆ ಸಿಟ್ಟು.

ಆ ಕ್ಲಿಪ್ ಹೇಳುವುದು ಒಂದೇ ವಿಷಯ: ರಕ್ತದಲ್ಲಿ ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅಂತ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ. ಗಡ್ಡೆಯೊಳಗೆ ಏನಾಗುತ್ತಿದೆ ಅನ್ನುವುದಂತೂ ಗೊತ್ತೇ ಇಲ್ಲ. ಬೀಡಿ ಸೇದುವವರಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನೂ ಅದು ಆಕ್ಸಿಜನ್ ಅಂತಲೇ ಲೆಕ್ಕ ಹಾಕಿಬಿಡುತ್ತದೆ.

ಮಂಡ್ಯದವರಿಗೆ ನಾನು ನಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದೆ ಅಂತ ಪೇಪರಿನಲ್ಲಿ ಬರುತ್ತದೆ. ಕೊನೇ ಭಾಗದ ಗದ್ದೆಗೆ ನೀರು ಬಂತಾ? ಗಡ್ಡೆಯ ಕಥೆಯೂ ಅದೇ. ರಕ್ತನಾಳದಿಂದ ಆಕ್ಸಿಜನ್ ಹರಿಯುವುದು ಹೆಚ್ಚೆಂದರೆ 0.1ರಿಂದ 0.2 ಮಿಲಿಮೀಟರ್. ಒಂದೆರಡು ಕೂದಲಿನ ದಪ್ಪ, ಅಷ್ಟೇ. ಇಂಗ್ಲೆಂಡಿನ ಟಾಮ್ಲಿನ್ಸನ್ ಮತ್ತು ಗ್ರೇ 1955ರಲ್ಲೇ ಶ್ವಾಸಕೋಶದ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ತೋರಿಸಿದ್ದರು. ನಾಳದ ಪಕ್ಕ ಗಟ್ಟಿಮುಟ್ಟಾದ ಕೋಶಗಳು, ದೂರದಲ್ಲಿ ಸತ್ತ ಕೋಶಗಳು. ನಡುವೆ ಅರೆಹೊಟ್ಟೆಯಲ್ಲಿ ಬದುಕಿರುವ ಒಂದು ಪದರ.

ನನಗೆ ತಲೆನೋವು ಆ ನಡುವಿನ ಪದರದ್ದೇ. "ಆಕ್ಸಿಜನ್ ಇಲ್ಲ ಅಂದ್ರೆ ಬೆಳೆಯಲ್ಲ, ಒಳ್ಳೇದೇ ಅಲ್ವಾ?" ಅಂತ ಓದಿದವರೂ ಕೇಳುತ್ತಾರೆ. ಬೆಳೆಯುವುದಿಲ್ಲ, ನಿಜ. ಕೋಶ ಎರಡಾಗಬೇಕಾದರೆ ಮೊದಲು ಡಿಎನ್‌ಎ ನಕಲು ಆಗಬೇಕು. ಆ ನಕಲಿಗೆ ಬೇಕಾದ ಸಾಮಾನು ತಯಾರಿಸುವ ಕಿಣ್ವಕ್ಕೇ ಆಕ್ಸಿಜನ್ ಬೇಕು. ಅದು ತೀರಾ ಕಮ್ಮಿಯಾದರೆ ಕೋಶ ಅರ್ಧದಲ್ಲೇ ನಿಂತುಬಿಡುತ್ತದೆ. ಆದರೆ ನಿಂತ ಕೋಶ ಸತ್ತ ಕೋಶ ಅಲ್ಲ. ಎಚ್‌ಐಎಫ್ ಅನ್ನುವ ಪ್ರೋಟೀನ್ ಎಚ್ಚೆತ್ತು, ಸಕ್ಕರೆಯನ್ನು ಆಕ್ಸಿಜನ್ ಇಲ್ಲದೆಯೇ ಬಳಸುವ, ಹೊಸ ನಾಳ ಕರೆಸಿಕೊಳ್ಳುವ ದಾರಿ ತೆರೆಯುತ್ತದೆ. ಕೋಶ ಆಕ್ಸಿಜನ್ನನ್ನು ಗ್ರಹಿಸುವ ಈ ಬಗೆಯನ್ನು ಕಂಡುಹಿಡಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಕೀಮೋದ ಎಷ್ಟೋ ಔಷಧಿಗಳು ಹೊಡೆಯುವುದು ಎರಡಾಗುತ್ತಿರುವ ಕೋಶಗಳನ್ನು. ಸುಮ್ನೆ ನಿಂತವು ತಪ್ಪಿಸಿಕೊಳ್ಳುತ್ತವೆ. ರೇಡಿಯೇಷನ್‌ನಲ್ಲಂತೂ, ಆಕ್ಸಿಜನ್ ಇಲ್ಲದ ಕೋಶ ಕೊಲ್ಲಲು ಸುಮಾರು ಎರಡೂವರೆಯಿಂದ ಮೂರು ಪಟ್ಟು ಜಾಸ್ತಿ ಡೋಸ್ ಬೇಕು.

ಹಾಗಾದರೆ ಮನೆಯ ಮಷೀನ್ ಯಾಕೆ ಸಾಲದು? 98ರಲ್ಲಿ ಹಿಮೋಗ್ಲೋಬಿನ್ ಆಗಲೇ ಬಹುತೇಕ ತುಂಬಿರುತ್ತದೆ. ಇನ್ನಷ್ಟು ಊದಿದರೂ ರಕ್ತಕ್ಕೆ ಹೆಚ್ಚಾಗುವುದು ತುಸುವೇ. ಕೊನೇ ಗದ್ದೆಗೆ ನೀರು ತಲುಪಿಸುವ ದಾರಿ ಬೇರೆ. ದಿನಾ ಸ್ವಲ್ಪ ಸ್ವಲ್ಪ ರೇಡಿಯೇಷನ್ ಕೊಟ್ಟಾಗ ನಾಳದ ಪಕ್ಕದ ಕೋಶಗಳು ಮೊದಲು ಸಾಯುತ್ತವೆ. ನಾಲೆ ಮೇಲ್ಭಾಗದವರ ಕೊಯ್ಲು ಮುಗಿದ ಹಾಗೆ. ಅವು ಕುಡಿಯುತ್ತಿದ್ದ ಆಕ್ಸಿಜನ್ ಹಿಂದಿನ ಸಾಲಿಗೆ ಹೋಗುತ್ತದೆ, ಮುಂದಿನ ಡೋಸ್ ಅವಕ್ಕೂ ತಾಗುತ್ತದೆ. ವಾರಕ್ಕೆ ಐದು ದಿನ ಬನ್ನಿ ಅಂತ ನಾವು ಗೋಗರೆಯುವುದಕ್ಕೆ ಇದೂ ಒಂದು ಕಾರಣ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಒಳಗಿನಿಂದ ಕೊಡುವ ರೇಡಿಯೇಷನ್ನೂ ಸೇರಿ ಎಲ್ಲ ಎಂಟು ವಾರದೊಳಗೆ ಮುಗಿಯಬೇಕು. ತಪ್ಪಿದ ನಾಲ್ಕು ದಿನ ನನಗೆ ಯಾಕೆ ಅಷ್ಟು ಉರಿಯಿತು ಅಂತ ಈಗ ಗೊತ್ತಾಗಿರಬೇಕು.

ಹಿಮೋಗ್ಲೋಬಿನ್ ಕಮ್ಮಿ ಇದ್ದಾಗ ರಕ್ತ ಏರಿಸಿದರೆ ಎಲ್ಲರಿಗೂ ಒಂದೇ ಥರ ಲಾಭ ಅಂತ ನಾನು ಹೇಳಲಾರೆ. ಅದನ್ನು ನಿಮ್ಮ ವೈದ್ಯರು ರಿಪೋರ್ಟ್ ನೋಡಿ ತೀರ್ಮಾನಿಸಬೇಕು. ರಕ್ತ ಹೆಚ್ಚಿಸುವ ಇಂಜೆಕ್ಷನ್ನನ್ನಂತೂ ನೀವೇ ಕೊಂಡು ಹಾಕಿಸಿಕೊಳ್ಳಬೇಡಿ. ಬೀಡಿ ಬಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಆ ಅವ್ವನಿಗೆ ಎರಡು ಬಾಟಲಿ ರಕ್ತ ಹಾಕಿದೆವು. ಹುಡುಗ ಮಷೀನ್ ವಾಪಸ್ ಕೊಟ್ಟ. ಆಮೇಲೆ ಒಂದು ದಿನವೂ ತಪ್ಪಿಸದೆ ಬೆಳಗಿನ ರೈಲಿಗೆ ಕರೆತಂದ. ಈ ಮಂಗಳವಾರ ಅವರ 25ನೇ ದಿನ ಮುಗಿಯಿತು. ಒಳಗಿನ ರೇಡಿಯೇಷನ್ ಮುಂದಿನ ವಾರ ಶುರು.